ಚಾವಡಿ ಕತ್ತಲೆ, ಅಂಗಳ ಬೆಳ್ಳಗೆ: ಮೂರು ಫೋಟೊ ಸೇರಿಸಿದರೂ ಸರಿ ಬರ್ತಾ ಇಲ್ಲ

ಬದಿಯಡ್ಕದ_ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜನ ಮನೆ ಹಳೇ ಕಾಲದ ನಾಲ್ಕು ಸುತ್ತಿನ ಮನೆ, ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ. ಮಳೆಗಾಲ ಶುರುವಾಗುವ ಮೊದಲು ಮಾಡಿನ ಹಂಚು ಇಳಿಸಿ, ಹುಳ ಹಿಡಿದ ಪಕ್ಕಾಸು (ಹಂಚು ಹೊರುವ ಮರದ ಪಟ್ಟಿ) ಎಲ್ಲ ತೆಗೆದು ಹೊಸತು ಹಾಕುವ ಅಂದಾಜು ಉಂಟು. ಅದಕ್ಕೆ ಮೊದಲು ಈಗ ಇರುವ ಹಾಗೇ ಫೋಟೊ ತೆಗೆದಿಡು, ಒಂದನ್ನು ದೊಡ್ಡದು ಮಾಡಿ ಗೋಡೆಗೆ ಹಾಕುವ ಅಂತ ದೊಡ್ಡಪ್ಪ ನನಗೆ ವಹಿಸಿದ್ದಾರೆ.

ಕಷ್ಟ ಎಂತ ಅಂದ್ರೆ, ಚಾವಡಿಯ ಒಳಗೆ ನಿಂತು ಅಂಗಳದ ಕಡೆಗೆ ತೆಗೆದರೆ ಹಲಸಿನ ಮರದ ಕಂಬಗಳು ಪೂರ್ತಿ ಕಪ್ಪು. ಕಂಬದ ಮೇಲೆ ಒಳ್ಳೆ ಕೆತ್ತನೆ ಉಂಟು, ಒಂದೂ ಕಾಣುವುದಿಲ್ಲ. ಕಂಬಕ್ಕೆ ಸರಿಯಾಗಿ ಬೆಳಕು ಇಟ್ಟರೆ ಅಂಗಳ ಪೂರ್ತಿ ಬಿಳಿ. ಒಣಗಲು ಹಾಕಿದ ಅಡಿಕೆಯೂ ಇಲ್ಲ, ತುಳಸಿಕಟ್ಟೆಯೂ ಇಲ್ಲ. ಹಾಗಾಗಿ ಬ್ರಾಕೆಟಿಂಗ್ (ಒಂದೇ ಜಾಗವನ್ನು ಬೆಳಕು ಹೆಚ್ಚು ಕಡಿಮೆ ಮಾಡಿ ಹಲವು ಸಲ ತೆಗೆಯುವುದು) ಮಾಡಿ, ಅವನ್ನು ಸೇರಿಸಿ ಒಂದೇ ಫೋಟೊ, ಅಂದರೆ ಎಚ್‌ಡಿಆರ್ ಮಾಡುವ ಅಂತ ಹೊರಟೆ. ಕ್ಯಾಮರಾ ಕ್ಯಾನನ್ 200ಡಿ, ಜೊತೆಗೆ ಬಂದ 18-55 ಲೆನ್ಸ್. ಎಇಬಿ (ಕ್ಯಾಮರಾ ತಾನಾಗಿ ಬ್ರಾಕೆಟಿಂಗ್ ಮಾಡುವ ಸೆಟ್ಟಿಂಗ್) ಬೆಳಕಿನ ಅಳತೆಯಲ್ಲಿ ಒಂದು ಸ್ಟಾಪ್ ಹೆಚ್ಚು, ಒಂದು ಸ್ಟಾಪ್ ಕಡಿಮೆ ಇಟ್ಟು ಮೂರು ಮೂರು ತೆಗೆದೆ. ಟ್ರೈಪಾಡ್ ಭಾವನದ್ದು. ಜೆಪೆಗ್ ಮಾತ್ರ ತೆಗೆದದ್ದು.

ಸೇರಿಸಿದ ಮೇಲೆ ನೋಡಿದರೆ: ಅಂಗಳ ಈಗಲೂ ಬಿಳಿಯೇ. ಕೆಂಪು ನೆಲ ನಿನ್ನೆ ಪೇಂಟ್ ಹೊಡೆದಷ್ಟು ಕೆಂಪು. ಪ್ರತಿ ಕಂಬದ ಸುತ್ತ ಒಂದು ಬೆಳಕಿನ ಅಂಚು, ದೇವರ ಫೋಟೊದ ಪ್ರಭಾವಳಿಯ ಹಾಗೆ. ಹಿಂದಿನ ತೋಟದ ಅಡಿಕೆ ಸೋಗೆ ಎರಡೆರಡು. ಅತ್ತೆ ಅಡಿಕೆ ತಿರುವಿ ಹಾಕುತ್ತಾ ಇದ್ದರು, ಅವರು ಮೂರು ಕಡೆ ಅರ್ಧರ್ಧ ಕಾಣಿಸುತ್ತಾರೆ. ದೊಡ್ಡಪ್ಪನಿಗೆ ತೋರಿಸಿದೆ. "ಇದು ನಮ್ಮ ಮನೆಯಾ?" ಅಂತ ಕೇಳಿದರು.

ಎಷ್ಟು ಫ್ರೇಮ್ ತೆಗೆಯಬೇಕು? ಯಾವ ಸಾಫ್ಟ್‌ವೇರ್? ದುಡ್ಡು ಕೊಟ್ಟು ತೆಗೆದುಕೊಳ್ಳುವಂಥದ್ದು ಬೇಡ. ತಿಳಿದವರು ಸ್ವಲ್ಪ ಹೇಳಿ.


ಮಂಜೇಶ್ವರ_ಮಾಸ್ಟ್ರು:

ಎಷ್ಟು ಫ್ರೇಮ್ ಅಂತ ಕೇಳುವ ಮೊದಲು ಅಲ್ಲಿ ಬೆಳಕಿನ ಅಂತರ ಎಷ್ಟು ಉಂಟು ಅಂತ ಅಳೆಯಬೇಕು ತಮ್ಮಾ. ಎಲ್ಲರೂ ಇದನ್ನೇ ಬಿಟ್ಟುಬಿಡುತ್ತಾರೆ. ಮೂರು ಫೋಟೊ ಅಂದರೆ ಎಚ್‌ಡಿಆರ್ ಅಂತ ಎಲ್ಲಿಯೋ ಓದಿರುತ್ತಾರೆ, ಜಾಗ ಯಾವುದಾದರೂ ಮೂರೇ.

ಅಳೆಯುವುದು ಸುಲಭ. ಮೀಟರಿಂಗ್ (ಕ್ಯಾಮರಾ ಬೆಳಕು ಅಳೆಯುವ ರೀತಿ) ಸ್ಪಾಟ್‌ಗೆ ಹಾಕು, ಆಗ ನಡುವಿನ ಚಿಕ್ಕ ಜಾಗ ಮಾತ್ರ ಅಳೆಯುತ್ತದೆ. ಅಪರ್ಚರ್ (ಲೆನ್ಸಿನ ತೂತಿನ ಅಳತೆ) ಎಫ್/8, ಐಎಸ್ಒ (ಬೆಳಕಿಗೆ ಕ್ಯಾಮರಾ ಸ್ಪಂದಿಸುವ ಅಳತೆ) 100. ಬಿಸಿಲು ಬಿದ್ದ ಅಡಿಕೆಯ ಮೇಲೆ ಮಧ್ಯದ ಬಿಂದು ಹಿಡಿದು ಶಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ತೋರಿಸುತ್ತದೆ ನೋಡು. ಒಳ್ಳೆ ಬಿಸಿಲಲ್ಲಿ ಸುಮಾರು 1/400 ಸೆಕೆಂಡ್ ಬರಬೇಕು. ಆಮೇಲೆ ಅತ್ಯಂತ ಒಳಗಿನ, ಕೆತ್ತನೆ ಕಾಣಬೇಕು ಅಂತ ನಿನಗೆ ಆಸೆ ಇರುವ ಕಂಬದ ಮೇಲೆ ಹಿಡಿ. ಹಳೇ ಚಾವಡಿಯಲ್ಲಿ ಎರಡು ಎರಡೂವರೆ ಸೆಕೆಂಡ್ ತೋರಿಸಿದರೆ ಆಶ್ಚರ್ಯ ಇಲ್ಲ. 1/400 ಎಲ್ಲಿ, 2.5 ಸೆಕೆಂಡ್ ಎಲ್ಲಿ! ಒಂದು ಸಾವಿರ ಪಟ್ಟು ಆಯಿತು. ಒಂದು ಸ್ಟಾಪ್ ಅಂದರೆ ಎರಡು ಪಟ್ಟು, ಹಾಗಾಗಿ ಸಾವಿರ ಪಟ್ಟು ಅಂದರೆ ಹತ್ತು ಸ್ಟಾಪ್. ನೀನು ತೆಗೆದ ಮೂರು ಫೋಟೊ ಮೊದಲಿನಿಂದ ಕೊನೆಗೆ ಎರಡೇ ಸ್ಟಾಪ್ ದೂರ. ಅಂಗಳ ಬಿಳಿ ಉಳಿದದ್ದು ಸಾಫ್ಟ್‌ವೇರಿನ ತಪ್ಪಲ್ಲ, ಅಂಗಳದ ವಿವರ ಇರುವ ಫ್ರೇಮೇ ಅದರ ಕೈಗೆ ಸಿಕ್ಕಿಲ್ಲ.

ನಿನ್ನ ಕ್ಯಾಮರಾದಲ್ಲಿ ಎಇಬಿ ಮೂರೇ ಫ್ರೇಮ್, ಎರಡು ಸ್ಟಾಪ್‌ವರೆಗೆ ಅಂತರ ಇಡಬಹುದು. ಸಾಕು, ಎರಡು ಸಲ ತೆಗೆದರಾಯಿತು. ಎಂ ಮೋಡ್‌ಗೆ (ಎಲ್ಲ ನಾವೇ ಇಡುವ ಮೋಡ್) ಹಾಕಿ ಶಟರ್ 1/100 ಇಡು, ಎಇಬಿ ಎರಡು ಸ್ಟಾಪ್. ಆಗ 1/100, 1/400, 1/25 ಸಿಗುತ್ತದೆ. ಕ್ಯಾನನ್‌ನಲ್ಲಿ ಮೊದಲು ನಡುವಿನದ್ದು, ಆಮೇಲೆ ಕಪ್ಪು, ಕೊನೆಗೆ ಬಿಳಿ, ಆ ಕ್ರಮದಲ್ಲೇ ಬರುವುದು. ಅದು ಮುಗಿದ ಮೇಲೆ ಶಟರ್ 0.6 ಸೆಕೆಂಡಿಗೆ ತಿರುಗಿಸಿ ಇನ್ನೊಮ್ಮೆ ತೆಗೆ. 0.6, 1/6, 2.5. ಒಟ್ಟು ಆರು ಫ್ರೇಮ್, ಮಧ್ಯೆ ಎಲ್ಲಿಯೂ ತೂತು ಇಲ್ಲ, ಡಯಲ್ ಮುಟ್ಟಿದ್ದು ಒಂದೇ ಸಲ.

ಇನ್ನು ಕೆಲವು ವಿಷಯ, ಇವು ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ಆಟೋ ಐಎಸ್ಒ ತೆಗೆದು 100ಕ್ಕೆ ಕಟ್ಟಿಹಾಕು, ಇಲ್ಲದಿದ್ದರೆ ಒಂದೊಂದು ಫ್ರೇಮಿನಲ್ಲಿ ಒಂದೊಂದು ಐಎಸ್ಒ ಬಂದು ಕತ್ತಲೆಯ ಜಾಗದಲ್ಲಿ ಕಾಳು ಕಾಳು ಕಾಣುತ್ತದೆ. ಬದಲಾಗಬೇಕಾದ್ದು ಶಟರ್ ಒಂದೇ. ಡಯಲಿನ ಟಿವಿ ಮೋಡ್‌ನಲ್ಲಿ (ಶಟರ್ ಮಾತ್ರ ನಾವು ಇಡುವ ಮೋಡ್) ಇಟ್ಟರೆ ಕ್ಯಾಮರಾ ಅಪರ್ಚರ್ ಬದಲಿಸುತ್ತದೆ, ಆಗ ಒಂದರಲ್ಲಿ ಹಿಂದಿನ ತೋಟ ಸ್ಪಷ್ಟ, ಇನ್ನೊಂದರಲ್ಲಿ ಮಸುಕು, ಸೇರಿಸಿದರೆ ಎರಡೂ ಅಲ್ಲದ ಎಂತದೋ ಒಂದು. ಫೋಕಸ್ ಒಮ್ಮೆ ಮಾಡಿಕೊಂಡು ಲೆನ್ಸಿನ ಸ್ವಿಚ್ ಎಂಎಫ್‌ಗೆ (ಕೈಯಲ್ಲಿ ಮಾಡುವ ಫೋಕಸ್) ತಳ್ಳು. ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಬಣ್ಣದ ಹೊಂದಾಣಿಕೆ) ಆಟೋ ಬೇಡ, ಡೇಲೈಟ್ ಇಡು. ಎರಡು ಸೆಕೆಂಡಿನ ಟೈಮರ್ ಹಾಕು, ಆಗ ಒಂದು ಸಲ ಒತ್ತಿದರೆ ಮೂರೂ ತಾನಾಗಿ ತೆಗೆಯುತ್ತದೆ, ನಿನ್ನ ಬೆರಳಿನ ಅಲುಗಾಟ ಇಲ್ಲ. ಕ್ಯಾಮರಾ ಆಫ್ ಮಾಡಿದರೆ, ಫ್ಲ್ಯಾಶ್ ಎಬ್ಬಿಸಿದರೆ ಎಇಬಿ ಹೋಗುತ್ತದೆ, ಪುನಃ ಇಡಬೇಕು. ಟ್ರೈಪಾಡ್ ಮೇಲೆ ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡು.

ಮತ್ತೆ ಜೆಪೆಗ್ ಬೇಡವೇ ಬೇಡ. ರಾ ಇಡು, ಅಂದರೆ ಕ್ಯಾಮರಾ ಹಿಡಿದದ್ದು ಹಾಗೇ ಉಳಿಯುವ ಫೈಲ್. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮಟ್ಟ ಮಾತ್ರ, ನಿನ್ನ ಕ್ಯಾಮರಾದ ರಾ 14 ಬಿಟ್, ಅಂದರೆ 16,384. ಕಪ್ಪಿನ ಕಡೆ ಎಳೆಯುವಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಚಾವಡಿಯ ಬಲ್ಬು, ಟ್ಯೂಬ್‌ಲೈಟ್ ಎಲ್ಲ ಆರಿಸಿಬಿಡು. ಹಗಲು ಬೆಳಕಿನ ಜೊತೆ ಅದು ಸೇರಿದರೆ ಒಂದು ಕಂಬ ಹಳದಿ, ಇನ್ನೊಂದು ನೀಲಿ ಆಗುತ್ತದೆ, ಅದನ್ನು ಆಮೇಲೆ ಸರಿ ಮಾಡಲಿಕ್ಕೆ ಹೋದರೆ ರಾತ್ರಿಯಿಡೀ ಕೂರಬೇಕು.


ಪೆರ್ಲದವ:

ಮಾಸ್ಟ್ರು ಹೇಳಿದ್ದು ಲೆಕ್ಕಕ್ಕೆ ಸರಿ. ಆದರೆ ಅಷ್ಟು ಕಷ್ಟ ಯಾಕೆ ಮಾರಾಯ್ರೇ? ನೆತ್ತಿ ಮೇಲೆ ಬಿಸಿಲು ಇರುವಾಗ ಹೋಗಿ ಹತ್ತು ಸ್ಟಾಪ್ ಅಂತರ ನಾವೇ ತಂದುಕೊಂಡು, ಆಮೇಲೆ ಅದನ್ನು ಕಂಪ್ಯೂಟರಿನಲ್ಲಿ ಕಡಿಮೆ ಮಾಡುವುದು. ಬೆಳಿಗ್ಗೆ ಬೇಗ ಹೋಗಿ. ಸೂರ್ಯ ತೋಟದ ಆಚೆ ಇರುವಾಗ, ಅಂಗಳಕ್ಕೆ ನೇರ ಬಿಸಿಲು ಬೀಳುವ ಮೊದಲು. ಒಳಗಿನ ಬೆಳಕೂ ಅಂಗಳದಿಂದಲೇ ಬರುವುದರಿಂದ ಅದೂ ಸ್ವಲ್ಪ ಇಳಿಯುತ್ತದೆ, ಆದರೆ ಹೊರಗಿನದ್ದು ಅದಕ್ಕಿಂತ ಜಾಸ್ತಿ ಇಳಿಯುತ್ತದೆ. ಅಂತರ ಆರೇಳು ಸ್ಟಾಪಿಗೆ ಬಂದರೆ ಈಗಿನ ಸೆನ್ಸರಿಗೆ ಒಂದೇ ರಾ ಸಾಕು. ಹೊರಗೆ ಸುಟ್ಟುಹೋಗದ ಹಾಗೆ ಎಕ್ಸ್‌ಪೋಸ್ ಮಾಡಿ, ನೆರಳನ್ನು ಆಮೇಲೆ ಎತ್ತಿ. ಅತ್ತೆಯೂ ಒಬ್ಬರೇ ಇರುತ್ತಾರೆ.

ಮೋಡ ಕವಿದ ದಿನ ಸಿಕ್ಕಿದರೆ ಇನ್ನೂ ಒಳ್ಳೆದು. ಮಳೆಗಾಲಕ್ಕೆ ಮುಂಚೆ ಹಂಚು ಇಳಿಸುತ್ತಾರೆ ಅಂದ್ರಲ್ಲ, ಆಗ ಸಂಜೆಗೆ ಮೋಡ ಹಾಕುವ ದಿನಗಳು ಬಂದೇ ಬರುತ್ತವೆ.

ಇಷ್ಟು ಹೇಳಿ, ಬ್ರಾಕೆಟಿಂಗ್ ಇಲ್ಲದೆ ಆಗುವುದೇ ಇಲ್ಲ ಅಂತ ಇರುವ ಜಾಗ ನಮ್ಮ ಕಡೆ ಒಂದು ಉಂಟು. ಸುರಂಗ. ನಮ್ಮ ಊರಿನ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಕ್ಕೆ ತೋಡಿದ್ದು, ಪೆರ್ಲ, ಶೇಣಿ, ಬಾಯಾರು ಸುತ್ತ ಎಷ್ಟೋ ಮನೆಗಳಿಗೆ ಕುಡಿಯುವ ನೀರು, ತೋಟದ ನೀರು ಅದರಿಂದಲೇ. ಒಳಗೆ ಹೋಗಿ ತಿರುಗಿ ಬಾಯಿಯ ಕಡೆ ನೋಡಿ ತೆಗೆಯಬೇಕು. ಹೊರಗೆ ಬಾಳೆಗಿಡದ ಮೇಲೆ ಬಿಸಿಲು. ಗೋಡೆಯ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲು) ಮೇಲೆ ಪಿಕ್ಕಾಸು ಬಿದ್ದ ಗುರುತು ಒಂದೊಂದೂ ಉಂಟು, ಬಾಯಿಯ ಹತ್ತಿರ ಅವು ಕೆಂಪು, ನಾಲ್ಕು ಹೆಜ್ಜೆ ಒಳಗೆ ಕಂದು, ಇನ್ನೂ ಒಳಗೆ ಎಂತದೂ ಇಲ್ಲ. ಕೆಳಗೆ ಪಾದ ಮುಳುಗುವಷ್ಟು ನೀರು ಹರಿಯುತ್ತದೆ, ಆ ನೀರಿನಲ್ಲಿ ಬಾಯಿಯ ಬೆಳಕು ಉದ್ದಕ್ಕೆ ಬೀಳುತ್ತದೆ. ಅದನ್ನು ಒಂದು ಫೋಟೊದಲ್ಲಿ ತರುವುದು ಯಾವ ಸೆನ್ಸರಿಗೂ ಸಾಧ್ಯ ಇಲ್ಲ. 1/200ರಿಂದ ಶುರು ಮಾಡಿ 30 ಸೆಕೆಂಡ್‌ವರೆಗೆ ಹೋಗಬೇಕಾಗುತ್ತದೆ.

ಅಲ್ಲಿ ಗೊತ್ತಾಗುವ ಇನ್ನೊಂದು ವಿಷಯ ನಿಮ್ಮ ಚಾವಡಿಗೂ ಬೇಕಾಗುತ್ತದೆ. ಉದ್ದದ ಎಕ್ಸ್‌ಪೋಶರ್‌ನಲ್ಲಿ ಆ ಬೆಳಕಿನ ಬಾಯಿ ಲೆನ್ಸಿನ ಒಳಗೇ ಚದುರಿ ಸುತ್ತಲಿನ ಕತ್ತಲೆಯ ಮೇಲೆ ಮಂಜು ಕವಿಸುತ್ತದೆ. ಎಷ್ಟು ಫ್ರೇಮ್ ತೆಗೆದರೂ ಆ ಮಂಜು ಹೋಗುವುದಿಲ್ಲ, ಯಾಕಂದ್ರೆ ಅದು ಸೆನ್ಸರಿನ ಮಿತಿ ಅಲ್ಲ, ಗಾಜಿನ ಮಿತಿ. ಲೆನ್ಸ್ ಮೇಲೆ ಬೆರಳಿನ ಗುರುತು ಇದ್ದರೆ ಕೇಳುವುದೇ ಬೇಡ. ಅಗ್ಗದ ಯುವಿ ಫಿಲ್ಟರ್ ಇದ್ದರೆ ಬಿಚ್ಚಿಡಿ. ಮುಂದಿನ ಗಾಜು, ಹಿಂದಿನ ಗಾಜು ಎರಡೂ ಒರೆಸಿ. ಸಾಧ್ಯ ಆದರೆ ಅತಿ ಪ್ರಕಾಶದ ಜಾಗ ಒಂದು ಕಂಬದ ಹಿಂದೆ ಅರ್ಧ ಮರೆಯಾಗುವ ಹಾಗೆ ನಿಲ್ಲಿ. ಕಂಬದ ಕೆತ್ತನೆ ಆಗ ಎದ್ದು ಬರುತ್ತದೆ.

ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆಫ್ ಮಾಡಿ. ಅದು ಆನ್ ಇದ್ದರೆ 30 ಸೆಕೆಂಡ್ ತೆಗೆದ ಮೇಲೆ ಇನ್ನೊಂದು 30 ಸೆಕೆಂಡ್ ಕ್ಯಾಮರಾ ಸುಮ್ನೆ ಕೂತಿರುತ್ತದೆ, ನೀವು ನೀರಿನಲ್ಲಿ ನಿಂತಿರುತ್ತೀರಿ.


ಮಂಜೇಶ್ವರ_ಮಾಸ್ಟ್ರು:

ಪೆರ್ಲದವರೇ, ಬೆಳಿಗ್ಗೆ ಹೋಗಿ ಅಂದದ್ದು ಒಪ್ಪಿದೆ. ಒಂದೇ ರಾ ಸಾಕು ಅಂದದ್ದು ಅರ್ಧ ಒಪ್ಪುತ್ತೇನೆ. ಮೊಬೈಲಿನಲ್ಲಿ ನೋಡಲು ಸಾಕು. ಅವರಿಗೆ ಬೇಕಾದ್ದು ಗೋಡೆಗೆ ಹಾಕುವ ಪ್ರಿಂಟ್. ಲೆಕ್ಕದಲ್ಲಿ ಸೆನ್ಸರ್ 13 ಸ್ಟಾಪ್ ಹಿಡಿಯುತ್ತದೆ ಅಂತ ಇರಬಹುದು, ಕೆಳಗಿನ ಮೂರು ನಾಲ್ಕು ಸ್ಟಾಪ್ ಬರೇ ಕಾಳು. ಬೆಳಕು ನಾಲ್ಕು ಪಟ್ಟು ಜಾಸ್ತಿ ಬಿದ್ದರೆ ಆ ಕಾಳು ಚಿತ್ರದ ಎದುರು ಅರ್ಧಕ್ಕೆ ಇಳಿಯುತ್ತದೆ. ಎರಡು ಸ್ಟಾಪ್ ಜಾಸ್ತಿ ಕೊಟ್ಟ ಫ್ರೇಮ್ ಒಂದು ಇದ್ದರೆ ಹಲಸಿನ ಮರದ ನಾರು ನಾರಾಗಿಯೇ ಉಳಿಯುತ್ತದೆ. ಹೇಗೂ ಟ್ರೈಪಾಡ್ ಉಂಟು, ಕಂಬ ಎಲ್ಲಿಗೂ ಓಡುವುದಿಲ್ಲ. ಬೆಳಿಗ್ಗೆ ಹೋಗಿಯೂ ಮೂರು ತೆಗೆಯಲಿ, ನಷ್ಟ ಎಂತದು?


ಹೊಸದುರ್ಗದ_ಅಕ್ಕ:

ತೆಗೆಯುವುದು ಇವರಿಬ್ಬರೂ ಹೇಳಿಯಾಯಿತು, ನಾನು ಸೇರಿಸುವುದರ ಬಗ್ಗೆ ಹೇಳುತ್ತೇನೆ. ಅಲ್ಲಿಯೇ ಹೆಚ್ಚಿನ ಫೋಟೊ ಹಾಳಾಗುವುದು.

ಎಚ್‌ಡಿಆರ್ ಅಂತ ನಾವು ಒಂದೇ ಹೆಸರಲ್ಲಿ ಕರೆಯುವುದು ಎರಡು ಬೇರೆ ಬೇರೆ ಕೆಲಸ. ಒಂದು, ಎಲ್ಲ ಫ್ರೇಮುಗಳಿಂದ ಆ ಜಾಗದಲ್ಲಿ ನಿಜಕ್ಕೂ ಎಷ್ಟು ಬೆಳಕು ಇತ್ತು ಅಂತ ಪ್ರತಿ ಬಿಂದುವಿಗೂ ಲೆಕ್ಕ ಹಾಕಿ ಒಂದು ದೊಡ್ಡ ಫೈಲ್ ಮಾಡುವುದು. ಶಟರ್ ಸಮಯ ಗೊತ್ತಿದ್ದರೆ ಇದು ಸಾಧ್ಯ. ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ 1997ರಲ್ಲಿ ಪ್ರಕಟಿಸಿದ ವಿಧಾನ ಇದಕ್ಕೆ ದಾರಿ ಮಾಡಿಕೊಟ್ಟಿತು. ಆ ಫೈಲನ್ನು ಹಾಗೇ ಸಾಮಾನ್ಯ ಸ್ಕ್ರೀನಿನಲ್ಲಿ ತೋರಿಸಲು ಆಗುವುದಿಲ್ಲ, ಹಾಗಾಗಿ ಅದನ್ನು ಪುನಃ ಕುಗ್ಗಿಸಬೇಕು. ಅದು ಟೋನ್ ಮ್ಯಾಪಿಂಗ್. ನಿಮ್ಮ ಕಂಬದ ಸುತ್ತ ಬಂದ ಬೆಳಕಿನ ಅಂಚು ಹುಟ್ಟುವುದು ಇಲ್ಲಿ. ಸಾಫ್ಟ್‌ವೇರ್ ಸುತ್ತಮುತ್ತ ನೋಡಿಕೊಂಡು ಕಪ್ಪು ಜಾಗ ಎತ್ತುತ್ತದೆ, ಬಿಳಿ ಜಾಗ ಇಳಿಸುತ್ತದೆ. ಕಪ್ಪು ಕಂಬ, ಪಕ್ಕದಲ್ಲೇ ಬಿಳಿ ಅಂಗಳ ಇದ್ದರೆ ಆ ಗಡಿಯಲ್ಲಿ ಎಷ್ಟು ಎತ್ತಬೇಕು, ಎಷ್ಟು ಇಳಿಸಬೇಕು ಅಂತ ಅದಕ್ಕೆ ಗೊಂದಲ ಆಗಿ ಅಂಚು ಬೆಳಗುತ್ತದೆ. ಸ್ಲೈಡರ್ ಬಲಕ್ಕೆ ಎಳೆದಷ್ಟೂ ಜಾಸ್ತಿ. 2010ರ ಸುಮಾರಿಗೆ ಇಂಟರ್ನೆಟ್ ತುಂಬ ಇದ್ದ ಆ ಫೋಟೊಗಳು ನೆನಪಿದೆಯಾ, ಆಕಾಶ ನೇರಳೆ, ಮನುಷ್ಯರ ಮುಖದಲ್ಲಿ ಇದ್ದಿಲು ಉಜ್ಜಿದ ಹಾಗೆ? ಎಲ್ಲ ಇದೇ.

ಎರಡನೆಯದು ಎಕ್ಸ್‌ಪೋಶರ್ ಫ್ಯೂಷನ್. ಮೆರ್ಟೆನ್ಸ್, ಕೌಟ್ಸ್, ವ್ಯಾನ್ ರೀತ್ ಎಂಬ ಮೂವರು 2007ರಲ್ಲಿ ಕೊಟ್ಟದ್ದು. ಇದರಲ್ಲಿ ದೊಡ್ಡ ಫೈಲೂ ಇಲ್ಲ, ಕುಗ್ಗಿಸುವುದೂ ಇಲ್ಲ. ಪ್ರತಿ ಫ್ರೇಮಿನ ಪ್ರತಿ ಬಿಂದುವಿಗೂ ವಿವರ ಎಷ್ಟು ಉಂಟು, ಬಣ್ಣ ಎಷ್ಟು ಉಂಟು, ತೀರ ಕಪ್ಪು ಅಥವಾ ಬಿಳಿ ಆಗದೆ ನಡುವಿನಲ್ಲಿ ಉಂಟಾ ಅಂತ ಮೂರು ರೀತಿ ಅಂಕ ಕೊಟ್ಟು, ಅಂಕ ಜಾಸ್ತಿ ಬಂದವರಿಂದ ಜಾಸ್ತಿ ತೆಗೆದುಕೊಂಡು ಬೆಸೆಯುತ್ತದೆ. ಮನೆಯ ಒಳಗಿನ ಫೋಟೊಗಳಿಗೆ ನನಗೆ ಇದೇ ಇಷ್ಟ. ಕಣ್ಣಿಗೆ ಕಂಡ ಹಾಗೆ ಬರುತ್ತದೆ, ನೆಲ ಪೇಂಟ್ ಹೊಡೆದ ಹಾಗೆ ಆಗುವುದಿಲ್ಲ.

ಫ್ರೀ ಸಾಫ್ಟ್‌ವೇರ್ ಕೇಳಿದಿರಿ. ಹ್ಯೂಜಿನ್ ಹಾಕಿಕೊಳ್ಳಿ, ಅದರ ಜೊತೆಗೆ ಎನ್‌ಫ್ಯೂಸ್ ಬರುತ್ತದೆ, ಫ್ಯೂಷನ್ ಮಾಡುವುದು ಅದೇ. ಫ್ರೇಮುಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸುವುದೂ ಹ್ಯೂಜಿನ್‌ನಲ್ಲೇ ಆಗುತ್ತದೆ. ರಾ ಫೈಲುಗಳನ್ನು ಮೊದಲು ಡಾರ್ಕ್‌ಟೇಬಲ್ ಅಥವಾ ರಾಥೆರಪಿಯಲ್ಲಿ ತೆರೆದು, ಎಲ್ಲದಕ್ಕೂ ಒಂದೇ ವೈಟ್ ಬ್ಯಾಲೆನ್ಸ್ ಕೊಟ್ಟು 16 ಬಿಟ್ ಟಿಫ್ (ವಿವರ ಕಳೆಯದ ಫೋಟೊ ಫೈಲ್) ಮಾಡಿ ಕೊಡಿ. ಬೇರೆ ಬೇರೆ ಬ್ರೈಟ್‌ನೆಸ್ ತಿದ್ದುಪಡಿ ಮಾಡಬೇಡಿ, ಆಗ ಬ್ರಾಕೆಟಿಂಗ್ ಮಾಡಿದ್ದೇ ದಂಡ. ಡಾರ್ಕ್‌ಟೇಬಲ್ ಒಳಗೂ ಎಚ್‌ಡಿಆರ್ ಮಾಡುವ ಬಟನ್ ಉಂಟು, ಆದರೆ ಅದು ಫ್ರೇಮುಗಳನ್ನು ಜೋಡಿಸಿ ಕೂರಿಸುವುದಿಲ್ಲ, ಟ್ರೈಪಾಡ್ ಸ್ವಲ್ಪ ಅಲುಗಿದ್ದರೂ ಗೊತ್ತಾಗುತ್ತದೆ. ದುಡ್ಡು ಕೊಟ್ಟವರಿಗೆ ಲೈಟ್‌ರೂಮ್‌ನಲ್ಲಿ 2015ರಿಂದ ಈ ಸೌಲಭ್ಯ ಇದೆ, ಅದರ ಫಲಿತಾಂಶ ತುಂಬಾ ಚೆನ್ನಾಗಿ ಬರುತ್ತದೆ, ಆದರೆ ನಿಮ್ಮ ಕೆಲಸಕ್ಕೆ ಅದು ಇಲ್ಲದೆಯೂ ನಡೆಯುತ್ತದೆ.

ಈಗ ಅತ್ತೆಯ ವಿಷಯ. ಡಿಘೋಸ್ಟ್ ಅಂತ ಒಂದು ಆಯ್ಕೆ ಕೆಲವು ಸಾಫ್ಟ್‌ವೇರಿನಲ್ಲಿ ಇರುತ್ತದೆ, ಅಲುಗಿದ ಜಾಗಕ್ಕೆ ಒಂದೇ ಫ್ರೇಮಿನಿಂದ ತೆಗೆದುಕೊಳ್ಳುತ್ತದೆ. ಅದನ್ನು ನಂಬುವ ಬದಲು ಕೈಯಲ್ಲೇ ಮಾಡಿ. ಜಿಂಪ್ ಅನ್ನುವ ಫೋಟೊ ತಿದ್ದುವ ಫ್ರೀ ಸಾಫ್ಟ್‌ವೇರಿನಲ್ಲಿ ಫ್ಯೂಷನ್ ಆದ ಚಿತ್ರದ ಮೇಲೆ ಅಂಗಳಕ್ಕೆ ಸರಿಯಾದ ಒಂದೇ ಫ್ರೇಮ್ ಇಡಿ, 1/400 ಅಥವಾ 1/100, ಯಾವುದು ಚೆನ್ನಾಗಿದೆಯೋ ಅದು. ಲೇಯರ್ ಮಾಸ್ಕ್ (ಮೇಲಿನ ಚಿತ್ರ ಎಲ್ಲಿ ಮಾತ್ರ ಕಾಣಬೇಕು ಅಂತ ಗುರುತು ಮಾಡುವುದು) ಹಾಕಿ ಅಂಗಳ, ತೋಟ, ಅತ್ತೆ ಇಷ್ಟನ್ನೂ ಆ ಒಂದೇ ಫ್ರೇಮಿನಿಂದ ತೋರಿಸಿ. ಕಂಬ, ನೆಲ, ಮಾಡು ಫ್ಯೂಷನ್‌ನಿಂದ. ಕಂಬದ ಅಂಚು ನೇರ ಇರುವುದರಿಂದ ಮಾಸ್ಕ್ ಹಾಕುವುದು ಕಷ್ಟ ಇಲ್ಲ. ಸೋಗೆ ಎರಡಾಗುವುದೂ ಇದರಿಂದಲೇ ಹೋಗುತ್ತದೆ.

ಒಂದು ಮಾತು ಮಾತ್ರ ನೆನಪಿಡಿ. ಎಲ್ಲವನ್ನೂ ಕಾಣಿಸಬೇಕು ಅಂತ ಹೊರಡಬೇಡಿ. ಮಾಸ್ಟ್ರು ಹೇಳಿದ ಆರು ಫ್ರೇಮಿನಲ್ಲಿ 2.5 ಸೆಕೆಂಡಿನದ್ದನ್ನು ತೆಗೆಯಿರಿ, ಆದರೆ ಸೇರಿಸುವಾಗ ಮೊದಲು ಅದನ್ನು ಬಿಟ್ಟೇ ನೋಡಿ. ಮೀಟರ್ ಯಾವುದನ್ನು ತೋರಿಸಿದರೂ ಅದನ್ನು ನಡುಬಣ್ಣಕ್ಕೆ ತರುತ್ತದೆ. ಹೊಗೆ ಹಿಡಿದು ಕಪ್ಪಾದ ಕಂಬಕ್ಕೆ ಮೀಟರ್ ಹಿಡಿದು ಬಂದ 2.5 ಸೆಕೆಂಡಿನಲ್ಲಿ ಕಂಬ ಬೂದು ಆಗುತ್ತದೆ. ಆ ಕಂಬ ಯಾವತ್ತೂ ಬೂದು ಇರಲಿಲ್ಲ. 0.6 ಸೆಕೆಂಡಿನ ಫ್ರೇಮಿನಲ್ಲಿ ಕಪ್ಪು ಕಪ್ಪಾಗಿಯೇ ಇದ್ದು ಕೆತ್ತನೆ ಕಾಣುತ್ತದೆ. ದೊಡ್ಡಪ್ಪ ಹುಟ್ಟಿದಂದಿನಿಂದ ನೋಡಿದ ಚಾವಡಿ ಅರೆಗತ್ತಲಿನದ್ದು. ಅಲ್ಲಿಗೆ ಟ್ಯೂಬ್‌ಲೈಟ್ ಹಾಕಿದಷ್ಟು ಬೆಳಕು ತಂದರೆ "ಇದು ನಮ್ಮ ಮನೆಯಾ" ಅಂತ ಕೇಳದೆ ಇನ್ನೆಂತ ಕೇಳುತ್ತಾರೆ?


ಉಪ್ಪಳ_ರಿಟರ್ನ್ಸ್:

ಇಷ್ಟುದ್ದ ಎಲ್ಲ ಯಾಕೆ? ನನ್ನ ಮೊಬೈಲಿನಲ್ಲಿ ಒಂದು ಸಲ ಒತ್ತಿದರೆ ಕಿಟಕಿಯ ಹೊರಗೂ ಕಾಣುತ್ತದೆ, ಒಳಗೂ ಕಾಣುತ್ತದೆ. ಕ್ಯಾಮರಾ ಮಾರಿ ಒಳ್ಳೆ ಫೋನ್ ತೆಗೆದುಕೊಳ್ಳಿ.


ಪೆರ್ಲದವ:

ಅದೂ ಇದನ್ನೇ ಮಾಡುವುದು, ನಿಮಗೆ ಹೇಳದೆ. ಐಫೋನಿಗೆ 2010ರಲ್ಲೇ ಎಚ್‌ಡಿಆರ್ ಬಂದಿತ್ತು, ಆಗ ಅದು ಬೇರೆ ಬೇರೆ ಎಕ್ಸ್‌ಪೋಶರ್ ತೆಗೆದು ಸೇರಿಸುತ್ತಿತ್ತು. ಗೂಗಲ್‌ನವರ ಎಚ್‌ಡಿಆರ್ ಪ್ಲಸ್ ಬೇರೆ ದಾರಿ ಹಿಡಿಯಿತು. ಒಂದೇ ಅಳತೆಯ, ಬೇಕೆಂದೇ ಕಪ್ಪಾಗಿ ತೆಗೆದ ಹಲವು ಫ್ರೇಮುಗಳನ್ನು ಚಕಚಕನೆ ತೆಗೆದು ಸರಾಸರಿ ಮಾಡಿ ಕಾಳು ಕಡಿಮೆ ಮಾಡುವುದು, ಆಮೇಲೆ ನೆರಳು ಎತ್ತುವುದು. ಕೈಯಲ್ಲಿ ಹಿಡಿದರೂ, ಮಕ್ಕಳು ಓಡಾಡಿದರೂ ನಡೆಯುತ್ತದೆ. ಒಳ್ಳೆ ಬುದ್ಧಿವಂತಿಕೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಚಿಕ್ಕ ಸೆನ್ಸರ್, ಮತ್ತೆ ಎಷ್ಟು ಎತ್ತಬೇಕು ಅಂತ ತೀರ್ಮಾನ ಮಾಡುವುದು ಫೋನು, ನೀವಲ್ಲ. ಗೋಡೆಯಷ್ಟು ದೊಡ್ಡದು ಮಾಡಿದಾಗ ಮರದ ನಾರು ಮೇಣ ಸವರಿದಷ್ಟು ನುಣ್ಣಗೆ ಕಾಣುತ್ತದೆ. ವಾಟ್ಸಾಪಿಗೆ ಹಾಕಲು ಫೋನೇ ಒಳ್ಳೆದು.


ಬದಿಯಡ್ಕದ_ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾಸ್ಟ್ರೇ, ನೀವು ಹೇಳಿದ ಹಾಗೆ ಅಳೆದೆ. ಬಿಸಿಲಿಗೆ ಅಡಿಕೆಯ ಮೇಲೆ 1/400 ಸರಿಯಾಗಿ ಬಂತು, ಒಳಗಿನ ಮೂಲೆಯ ಕಂಬಕ್ಕೆ 2 ಸೆಕೆಂಡ್. ಮರುದಿನ ಬೆಳಿಗ್ಗೆ ಬಿಸಿಲು ಬರುವ ಮೊದಲು ಹೋಗಿ ಅಳೆದರೆ ಹೊರಗೆ 1/30, ಒಳಗೆ 5 ಸೆಕೆಂಡ್. ಅಂದರೆ ಏಳು ಚಿಲ್ಲರೆ ಸ್ಟಾಪ್, ಪೆರ್ಲದ ಅಣ್ಣ ಹೇಳಿದ್ದೂ ಸರಿಯೇ. ಎರಡು ಸೆಟ್ ತೆಗೆದೆ, ಎನ್‌ಫ್ಯೂಸ್ ಹಾಕಿದೆ, ತೀರ ಬಿಳಿ ಬಂದ ಫ್ರೇಮ್ ಬಿಟ್ಟು. ಅಕ್ಕ, ಕಂಬದ ಅಂಚು ಪೂರ್ತಿ ಹೋಯಿತು. ಕಂಬದ ಬುಡದಲ್ಲಿ ಎಣ್ಣೆ ಸುರಿದು ಸುರಿದು ಆದ ಕಲೆ ಸಹ ಕಾಣುತ್ತದೆ, ನಾವು ಯಾರೂ ಅದನ್ನು ಇಷ್ಟು ಸರಿಯಾಗಿ ನೋಡಿರಲೇ ಇಲ್ಲ.

ಒಂದು ವಿಚಿತ್ರ, ದೊಡ್ಡಪ್ಪನಿಗೆ ಬೆಳಗ್ಗಿನ ಫೋಟೊ ಇಷ್ಟ ಆಗಲಿಲ್ಲ. ಅಂಗಳದಲ್ಲಿ ಬಿಸಿಲು ಇಲ್ಲದಿದ್ದರೆ ಅದು ಅಂಗಳವೇ ಅಲ್ಲ ಅಂತಾರೆ. ಹಾಗಾಗಿ ಬಿಸಿಲಿನದ್ದೇ ಇಡುವುದು ಅಂತಾಯಿತು.

ಇನ್ನು ಎರಡು ಪ್ರಶ್ನೆ. ಮನೆಯಲ್ಲಿ ಕೆಲಸ ಶುರು ಮಾಡುವ ಮೊದಲು ಕೋಲ (ದೈವದ ಕುಣಿತ) ಉಂಟು, ರಾತ್ರಿ ಸೂಟೆಯ (ಪಂಜಿನ) ಬೆಳಕಿನಲ್ಲಿ ಇದೇ ರೀತಿ ತೆಗೆಯಬಹುದಾ? ಮತ್ತೆ ಬೇಕಲ ಕೋಟೆಯಲ್ಲಿ ಸೂರ್ಯಾಸ್ತಕ್ಕೂ ಇದೇ ಲೆಕ್ಕವಾ?


ಮಂಜೇಶ್ವರ_ಮಾಸ್ಟ್ರು:

ಕೋಲಕ್ಕೆ ಬ್ರಾಕೆಟಿಂಗ್ ಆಲೋಚನೆಯೇ ಬಿಡು. ಅಣಿ (ದೈವದ ವೇಷದ ದೊಡ್ಡ ಅಲಂಕಾರ) ಕಟ್ಟಿಕೊಂಡು ಕುಣಿಯುವವರು ಒಂದು ಕ್ಷಣ ನಿಲ್ಲುವುದಿಲ್ಲ, ಬೆಂಕಿಯೂ ನಿಲ್ಲುವುದಿಲ್ಲ. ಒಂದೇ ರಾ, 1/200ಕ್ಕಿಂತ ನಿಧಾನ ಬೇಡ, ಐಎಸ್ಒ ಎಷ್ಟು ಬೇಕೋ ಅಷ್ಟು. ಜ್ವಾಲೆಯ ನಡುಭಾಗ ಸುಟ್ಟರೆ ಸುಡಲಿ, ಅದು ಬೆಂಕಿ ಅಲ್ವಾ, ಮುಖದ ಮೇಲಿನ ಬಣ್ಣ ಉಳಿದರೆ ಸಾಕು. ಫ್ಲ್ಯಾಶ್ ಹಾಕಬೇಡ. ಮೊದಲು ಮನೆಯ ಹಿರಿಯರ ಹತ್ತಿರ, ವೇಷ ಕಟ್ಟುವವರ ಹತ್ತಿರ ಕೇಳಿಕೋ, ಎಲ್ಲಿ ನಿಲ್ಲಬಹುದು, ಯಾವಾಗ ತೆಗೆಯಬಾರದು ಅಂತ.

ಬೇಕಲದಲ್ಲಿ ಕಷ್ಟ ಬೇರೆ. ಕೋಟೆ ಪೂರ್ತಿ ಮುರಕಲ್ಲು, ಇಕ್ಕೇರಿಯ ಶಿವಪ್ಪ ನಾಯಕ ಕಟ್ಟಿಸಿದ್ದು. ಸೂರ್ಯನಿಗೆ ಎದುರಾಗಿ ನಿಂತರೆ ಕಲ್ಲು ಕಪ್ಪು ಆಗದೆ ಇರುವುದೇ ಇಲ್ಲ. ಸೂರ್ಯನ ಬಿಂಬ ಹೇಗೂ ಸುಡುತ್ತದೆ, ಅದಕ್ಕೋಸ್ಕರ ಫ್ರೇಮ್ ಕಳೆಯಬೇಡ, ಅದರ ಸುತ್ತಲಿನ ಆಕಾಶದ ಬಣ್ಣ ಉಳಿದರೆ ಆಯಿತು. ಅಲೆ ಪ್ರತಿ ಫ್ರೇಮಿನಲ್ಲೂ ಬೇರೆ, ಹಾಗಾಗಿ ಸಮುದ್ರ ಒಂದೇ ಫ್ರೇಮಿನಿಂದ, ಅಕ್ಕ ಹೇಳಿದ ಮಾಸ್ಕ್ ರೀತಿಯಲ್ಲೇ. ಆಕಾಶ ಒಂದರಿಂದ, ಸಮುದ್ರ ಇನ್ನೊಂದರಿಂದ ತೆಗೆದುಕೊಳ್ಳುವುದು ಹೊಸತೇನೂ ಅಲ್ಲ. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರದ ಚಿತ್ರಗಳಲ್ಲಿ ಇದನ್ನು ಮಾಡಿದ್ದ, ಆಕಾಶಕ್ಕೆ ಒಂದು ನೆಗೆಟಿವ್, ನೀರಿಗೆ ಒಂದು, ದಿಗಂತದ ಗೆರೆಯಲ್ಲಿ ಎರಡನ್ನೂ ಸೇರಿಸಿ ಪ್ರಿಂಟ್. ಆಗಿನ ಪ್ಲೇಟುಗಳಿಗೆ ನೀಲಿ ಬೆಳಕು ಅತಿಯಾಗಿ ತಾಗುತ್ತಿತ್ತು, ನೀರು ಸರಿ ಬಂದರೆ ಆಕಾಶ ಖಾಲಿ. ನಿನ್ನ ಅಂಗಳದ ಕಷ್ಟವೇ.

ಟ್ರೈಪಾಡ್ ಅಲ್ಲಿ ಸುಮ್ನೆ ಊರಿ ನಿಲ್ಲಲಿಕ್ಕಾಗುವುದಿಲ್ಲ, ಕೋಟೆ ಪುರಾತತ್ವ ಇಲಾಖೆಯದ್ದು, ಮೊದಲೇ ಅನುಮತಿ ಕೇಳಬೇಕು. ಕೈಯಲ್ಲೇ ತೆಗೆಯುವುದಾದರೆ ಡ್ರೈವ್ ಮೋಡ್ ಕಂಟಿನ್ಯೂಯಸ್‌ಗೆ ಹಾಕಿ, ಎಇಬಿ ಇಟ್ಟು, ಗೋಡೆಗೆ ಒರಗಿ ನಿಂತು ಬಟನ್ ಒತ್ತಿ ಹಿಡಿ, ಮೂರೂ ಒಂದೇ ಉಸಿರಿಗೆ ಬರುತ್ತವೆ. ಐಎಸ್ಒ ಸ್ವಲ್ಪ ಏರಿಸಿ, ಅತಿ ನಿಧಾನದ ಫ್ರೇಮ್ ಕೂಡ 1/60ಕ್ಕಿಂತ ಕೆಳಗೆ ಹೋಗದ ಹಾಗೆ ನೋಡಿಕೋ. ಬೇಗ ತೆಗೆ ಮಾತ್ರ, ನಮ್ಮ ಕಡೆ ಸೂರ್ಯ ಮುಳುಗಿದ ಮೇಲೆ ಒಳ್ಳೆ ಬೆಳಕು ಇಪ್ಪತ್ತು ನಿಮಿಷ ಇದ್ದರೆ ಹೆಚ್ಚು.


ಹೊಸದುರ್ಗದ_ಅಕ್ಕ:

ಬೇಕಲಕ್ಕೆ ಬರುವಾಗ ಹೇಳಿ, ನಮಗೆ ಹತ್ತಿರ.

ಪ್ರಿಂಟ್‌ಗೆ ಕೊಡುವ ಮೊದಲು ಒಂದು ವಿಷಯ. ಕಂಪ್ಯೂಟರ್ ಸ್ಕ್ರೀನಿನ ಬ್ರೈಟ್‌ನೆಸ್ ಪೂರ್ತಿ ಏರಿಸಿ ಎಡಿಟ್ ಮಾಡಿದ್ದರೆ ಪ್ರಿಂಟ್ ಖಂಡಿತ ಕಪ್ಪು ಬರುತ್ತದೆ. ಕಾಗದಕ್ಕೆ ಸ್ವಂತ ಬೆಳಕು ಇಲ್ಲ, ಅದು ಹಿಡಿಯುವ ಅಂತರ ಸ್ಕ್ರೀನಿಗಿಂತ ಎಷ್ಟೋ ಕಡಿಮೆ. ಬ್ರೈಟ್‌ನೆಸ್ ಅರ್ಧಕ್ಕಿಂತ ಕೆಳಗೆ ಇಳಿಸಿ ಪುನಃ ನೋಡಿ, ಕಂಬದ ಕೆತ್ತನೆ ಆಗಲೂ ಕಾಣುತ್ತದಾ ಅಂತ. ದೊಡ್ಡದು ಮಾಡಿಸುವ ಮೊದಲು ಅದೇ ಸ್ಟುಡಿಯೋದಲ್ಲಿ ಕಂಬದ ಭಾಗ ಮಾತ್ರ ಕತ್ತರಿಸಿ ಒಂದು ಚಿಕ್ಕ ಪ್ರಿಂಟ್ ತೆಗೆಸಿ, ಈಗ ಇರುವ ಹಾಗೆ ಒಂದು, ಸ್ವಲ್ಪ ಬೆಳಕು ಏರಿಸಿ ಇನ್ನೊಂದು. ಮ್ಯಾಟ್ ಕಾಗದ ಕೇಳಿ, ಗ್ಲಾಸಿ ಆದರೆ ಕಪ್ಪು ಜಾಗದಲ್ಲಿ ಎದುರಿನ ಕಿಟಕಿಯೇ ಕಾಣುವುದು. ಸ್ಟುಡಿಯೋದವರಿಗೆ "ಆಟೋ ಕರೆಕ್ಷನ್ ಹಾಕಬೇಡಿ" ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರ ಮಿಷನ್ ನಿಮ್ಮ ಕತ್ತಲೆಯನ್ನೆಲ್ಲ ಒಳ್ಳೆ ಮನಸ್ಸಿನಿಂದ ಬೆಳ್ಳಗೆ ಮಾಡಿ ಕೊಡುತ್ತದೆ.


ಬದಿಯಡ್ಕದ_ಹುಡುಗ:

ಅದು ಗೊತ್ತೇ ಇರಲಿಲ್ಲ ಅಕ್ಕ, ನಾಳೆಯೇ ಕೊಡುವವನಿದ್ದೆ. ಮೊದಲು ಚಿಕ್ಕದು ತೆಗೆಸಿ ಚಾವಡಿಯಲ್ಲೇ ಇಟ್ಟು ನೋಡುತ್ತೇನೆ. ಆರು ರಾ ಫೈಲುಗಳನ್ನೂ ಬೇರೆ ಹಾರ್ಡ್ ಡಿಸ್ಕಿಗೆ ಹಾಕಿದ್ದೇನೆ. ಮಾಡು ಇಳಿಸಿದ ಮೇಲೆ ಪುನಃ ತೆಗೆಯಲಿಕ್ಕೆ ಇಲ್ಲವಲ್ಲ.